ಹನ್ನೊಂದು ಗಂಟೆಯ ಅಳುಮುಖ

ನನಗೆ ಯಂತ್ರಗಳ ಮೇಲೆ ನಂಬಿಕೆ ಕಡಿಮೆ. ಶಾಲೆಯ ಬಿಸಿಯೂಟದ ಗ್ಯಾಸಿನ ಒಲೆಯನ್ನೇ ನಾನು ಹತ್ತು ವರ್ಷ ಅನುಮಾನದಿಂದ ನೋಡಿದವಳು. ಹಾಗಿರುವಾಗ ಒಂದು ಹಳೇ ಮೊಬೈಲು ನನ್ನ ಮನೆಯ ಸಂಗತಿಯನ್ನು ನನಗಿಂತ ಮೊದಲು ತಿಳಿದುಕೊಂಡಿತ್ತು ಎಂದು ಒಪ್ಪಿಕೊಳ್ಳಲು ಇವತ್ತಿಗೂ ಸಿಟ್ಟು ಬರುತ್ತದೆ. ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ನನ್ನ ಹೆಸರು ಗಂಗೆ. ಕಾರವಾರದ ಹತ್ತಿರ ಕದ್ವಾಡದ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತೇನೆ. ತವರು ಅಂಕೋಲೆ ತಾಲೂಕಿನ ಹಿಲ್ಲೂರು. ಏಳನೇ ಇಯತ್ತೆವರೆಗೆ ಓದಿದ್ದೇನೆ, ಆದ್ದರಿಂದ ಕನ್ನಡದಲ್ಲಿ ಬರೆದದ್ದನ್ನು ನನ್ನಿಂದ ಮುಚ್ಚಿಡಲು ಯಾರಿಗೂ ಆಗುವುದಿಲ್ಲ. ಗಂಡ ತೀರಿಕೊಂಡು ಆರು ವರ್ಷ. ಮಗ ಪ್ರದೀಪ ಮಲ್ಲಾಪುರದಲ್ಲಿ ಗುತ್ತಿಗೆಯ ವೈರಿಂಗ್ ಕೆಲಸ ಮಾಡುತ್ತಾನೆ. ವಾರವಿಡೀ ಅಲ್ಲೇ ಒಂದು ಕೋಣೆಯಲ್ಲಿ ಇರುತ್ತಾನೆ, ಶನಿವಾರ ಸಂಜೆ ಮನೆಗೆ ಬರುತ್ತಾನೆ. ಸೊಸೆ ಭವ್ಯಾ ಅಂಕೋಲೆ ಕಡೆಯವಳು. ಅವರ ಹೆಣ್ಣುಮಗುವಿಗೆ ಆಗ ನಾಲ್ಕು ತಿಂಗಳು.

ಭವ್ಯಾಳ ಬಾಯಲ್ಲಿ ಒಂದೇ ಮಾತು, ‘ಅಡ್ಡಿಲ್ಲ.’ ಊಟ ಆಯಿತೇನೆ ಎಂದರೆ ಅಡ್ಡಿಲ್ಲ ಅತ್ತೆ. ನಿದ್ದೆ ಬಂತೇನೆ ಎಂದರೆ ಅಡ್ಡಿಲ್ಲ ಅತ್ತೆ. ಬಟ್ಟೆ ತೊಳೆದು ಮಡಚಿ ಇಡುತ್ತಾಳೆ, ಮಗುವಿಗೆ ಹೊತ್ತಿಗೆ ಸರಿಯಾಗಿ ಹಾಲು ಕುಡಿಸುತ್ತಾಳೆ, ಯಾರಾದರೂ ಬಂದರೆ ನಗುತ್ತಾಳೆ. ಇಂಥ ಸೊಸೆ ಸಿಕ್ಕಿದ್ದು ನನ್ನ ಪುಣ್ಯ ಎಂದು ಕೇರಿಯಲ್ಲಿ ಹೇಳಿಕೊಂಡು ತಿರುಗಿದವಳು ನಾನೇ.

ಸೀಮಂತದ ಹೊತ್ತಿಗೆ ಪ್ರದೀಪ ಅವಳಿಗೆ ಹೊಸ ಮೊಬೈಲು ತಂದ. ಅವಳ ಹಳೆಯದು ನನಗೆ ಬಂತು. ಅದರ ಗಾಜಿನ ಮೂಲೆಯಲ್ಲಿ ಒಂದು ಸೀಳು ಇತ್ತು, ಮತ್ತೇನೂ ಕೊರತೆ ಇರಲಿಲ್ಲ. ನಮ್ಮಲ್ಲಿ ಕೊಡುವುದೆಂದರೆ ಇದ್ದ ಹಾಗೇ ಕೊಡುವುದು. ಅದರೊಳಗೆ ಏನಿದೆ, ಏನು ಅಳಿಸಬೇಕು ಎಂದು ಯಾರೂ ನೋಡಲಿಲ್ಲ. ಒಳಗೆ ಹಾಡು ಹಾಕುವ ಒಂದು ಆಪ್ ಇತ್ತು, ‘ಮನದನಿ’ ಎಂದು ಹೆಸರು. ಭವ್ಯಾ ಅದಕ್ಕೆ ಕಾಲೇಜಿಗೆ ಹೋಗುವಾಗಲೇ ಸೇರಿದ್ದಳು. ಹೊಸ ಮೊಬೈಲಿನಲ್ಲೂ ಅವಳ ಅದೇ ಖಾತೆ ಇತ್ತು. ಹಳೆಯದರಲ್ಲೂ ಅದು ಹಾಗೇ ಉಳಿದಿದೆ ಎನ್ನುವುದು ಅವಳಿಗೆ ನೆನಪಿರಲಿಲ್ಲ.

ತೆರೆದ ಕೂಡಲೇ ಅದು ‘ಈಗ ಮನಸ್ಸು ಹೇಗಿದೆ?’ ಎಂದು ಕೇಳುತ್ತದೆ. ಕೆಳಗೆ ಐದು ಮುಖ. ಒಂದು ಹಲ್ಲು ಕಿರಿಯುತ್ತದೆ, ಕೊನೆಯದು ಅಳುತ್ತದೆ. ಒಂದನ್ನು ಒತ್ತಿದರೆ ಅದಕ್ಕೆ ತಕ್ಕ ಹಾಡು ಬರುತ್ತದೆ. ಹಾಡು ಮುಗಿದ ಮೇಲೆ ಹೆಬ್ಬೆರಳು ಮೇಲೋ ಕೆಳಗೋ ಹೇಳಬೇಕು. ಮೇಲೆ ಎಂದರೆ ಅಂಥದ್ದೇ ಇನ್ನಷ್ಟು ಹಾಡು, ಕೆಳಗೆ ಎಂದರೆ ಅಂಥದ್ದು ಮತ್ತೆ ಬರುವುದಿಲ್ಲ. ನಾನು ಮುಖಗಳ ತಂಟೆಗೆ ಹೋಗುತ್ತಿರಲಿಲ್ಲ. ಶಾಲೆಯ ಅಡುಗೆಕೋಣೆಯಲ್ಲಿ ಅದು ಹಾಕಿದ್ದನ್ನು ಕೇಳಿಕೊಂಡು ತರಕಾರಿ ಕೊಚ್ಚುತ್ತಿದ್ದೆ. ಮೊದಲು ಮದುವೆಮನೆಯ ಕುಣಿತದ ಹಾಡು, ಜೋಡಿ ಹಾಡು ಬರುತ್ತಿದ್ದವು. ನನ್ನ ಜೊತೆ ಅಡುಗೆ ಮಾಡುವ ಸುಕ್ರಿ ಸೌಟು ಹಿಡಿದೇ ಸೊಂಟ ತಿರುಗಿಸುತ್ತಿದ್ದಳು.

ಮಗು ಹುಟ್ಟಿ ಎರಡು ತಿಂಗಳಿಗೆ ಹಾಡು ಬದಲಾಯಿತು. ನಿಧಾನದ ಹಾಡು, ಒಂಟಿ ಕೊಳಲು, ಯಾರೋ ದೂರದಲ್ಲಿ ನಿಂತು ಹೇಳಿದಂಥ ದನಿ. ‘ನಿನ್ನ ಮೊಬೈಲಿಗೆ ವಯಸ್ಸಾಯ್ತೆ’ ಎಂದು ಸುಕ್ರಿ ನಕ್ಕಳು. ನಾನೂ ನಕ್ಕೆ. ನನ್ನ ಮಂಡಿನೋವು ಇದಕ್ಕೆ ಗೊತ್ತಾಗಿರಬೇಕು ಎಂದುಕೊಂಡೆ.

ಒಂದು ದಿನ ಏನೋ ಒತ್ತಲು ಹೋಗಿ ಇನ್ನೇನೋ ತೆರೆಯಿತು. ‘ನಿಮ್ಮ ಮನಸ್ಸಿನ ದಿನಚರಿ’ ಎಂದು ಬರೆದಿತ್ತು. ತಾರೀಖು, ಹೊತ್ತು, ಒಂದೊಂದಕ್ಕೂ ಒಂದು ಮುಖ. ಅಳುಮುಖ, ಅಳುಮುಖ, ಅಳುಮುಖ. ಬೆರಳಿನಿಂದ ಮೇಲೆ ತಳ್ಳಿದಷ್ಟೂ ಅಳುಮುಖವೇ. ಎಲ್ಲವೂ ಬೆಳಗಿನ ಹನ್ನೊಂದರ ಸುಮಾರಿಗೆ. ಹನ್ನೊಂದು ಗಂಟೆಗೆ ನನ್ನ ಕೈ ಸಾಂಬಾರಿನಲ್ಲಿರುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಇರುವುದು ಇಬ್ಬರೇ. ಮಗುವಿಗೆ ಮೊಬೈಲು ಒತ್ತಲು ಬರುವುದಿಲ್ಲ.

ದಿನಚರಿಯ ಕೆಳಗೆ ಅವತ್ತಿಗೆಂದು ಆರಿಸಿದ ಹಾಡುಗಳ ಗುಂಪು ಇತ್ತು. ಅದರ ತಲೆಬರಹ ‘ಎಲ್ಲ ಬಿಟ್ಟು ಹೊರಡುವಾಗ.’

ಮುಂದಿದ್ದ ದೊಡ್ಡ ಪಾತ್ರೆಯಲ್ಲಿ ಬೇಳೆ ಉಕ್ಕಿ ಒಲೆ ಆರಿತು, ನಾನು ನೋಡುತ್ತ ನಿಂತಿದ್ದೆ.

ಇಷ್ಟಕ್ಕೇ ಯಾಕೆ ಹೆದರಿದೆ ಎಂದು ನೀವು ಕೇಳಬಹುದು. ಹಾಡಿಗೆ ಹೆದರುವುದನ್ನು ನನಗೆ ಬೀಸುವ ಕಲ್ಲು ಕಲಿಸಿದೆ. ನಮ್ಮ ಮನೆಗಳಲ್ಲಿ ಹಿಂದೆ ಅತ್ತೆ ಸೊಸೆ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಹಿಡಿಯಬೇಕು. ಮಾತಿನಲ್ಲಿ ಹೇಳಬಾರದ್ದನ್ನು ಸೊಸೆ ಹಾಡಿನಲ್ಲಿ ಹೇಳಬಹುದಿತ್ತು, ಕಲ್ಲಿನಿಂದ ಎದ್ದ ಮೇಲೆ ಅದಕ್ಕಾಗಿ ಅತ್ತೆ ಸಿಟ್ಟು ಮಾಡುವಂತಿರಲಿಲ್ಲ. ನನ್ನ ಮೊದಲ ಕೂಸು ಹನ್ನೆರಡು ದಿನಕ್ಕೆ ಹೋಯಿತು. ಅದಾಗಿ ತಿಂಗಳಿಗೆ ನಾನು ಕಲ್ಲಿನ ಮುಂದೆ ಕೂತು ಎತ್ತಿದ ಸೊಲ್ಲು ಇದು: ‘ತೊಟ್ಟಿಲ ಬಿಚ್ಚಿ ಅಟ್ಟಕ್ಕೆ ಇಟ್ಟೆ, ಹೊಳೆಯ ದಾರಿ ಹತ್ತಿರವೇ.’ ನಾನು ಸುಮ್ಮನೆ ಹಾಡಿದ್ದಲ್ಲ. ಹೋಗುವವಳೇ ಇದ್ದೆ. ಹಿಟ್ಟು ಮುಗಿಸಿ ಹೋಗುವುದೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಭವ್ಯಾಳೂ ಹಾಗೆಯೇ ಹಾಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಈಗ ಕಲ್ಲಿಲ್ಲ, ಮಾವಿನ ಮರದ ಬುಡದಲ್ಲಿ ಅದರ ಒಂದು ಹೋಳು ಬಿದ್ದುಕೊಂಡಿದೆ. ಅದರ ಜಾಗದಲ್ಲಿ ಇವಳಿಗೆ ಈ ಮೊಬೈಲು ಸಿಕ್ಕಿದೆ.

ಅವತ್ತು ಸಂಜೆ ಪ್ರದೀಪನಿಗೆ ಫೋನು ಮಾಡಿದೆ. “ಅವ್ವಿ, ಬೇಜಾರದ ಹಾಡು ಎಲ್ಲರೂ ಕೇಳ್ತ್ರು. ನಾನೂ ಕೇಳ್ತೆ. ನೀ ಸುಮ್ನೆ ತಲೆ ಕೆಡ್ಸ್ಕಬೇಡ” ಎಂದ. ಭವ್ಯಾಳನ್ನು ನೇರವಾಗಿ ಕೇಳಲು ನನಗೆ ಧೈರ್ಯ ಬರಲಿಲ್ಲ. ಅತ್ತೆ ಎನ್ನಿಸಿಕೊಂಡವಳು ‘ಅಳ್ತಿಯೇನೆ’ ಎಂದು ಕೇಳಿದರೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳು ಹೌದು ಎಂದುಬಿಟ್ಟರೆ ನಾನೇನು ಮಾಡಲಿ? ಆದರೂ ಒಮ್ಮೆ ಕೇಳಿದೆ.

“ತಂಗಿ, ಎಂತದೂ ಬೇಜಾರಿಲ್ಲ ಅಲ್ಲವೇನೆ?”

“ಅಡ್ಡಿಲ್ಲ ಅತ್ತೆ” ಎಂದು ನಕ್ಕಳು.

ಆ ನಗು ನೋಡಿ ನನ್ನ ಹೆದರಿಕೆ ಎರಡು ಪಟ್ಟಾಯಿತು. ಮನೆಯ ಹಗ್ಗಗಳನ್ನು ಸುಕ್ರಿಯ ಮನೆಗೆ ಸಾಗಿಸಿದೆ. ಬಾವಿಗೆ ಹಲಗೆ ಮುಚ್ಚಿ ಕಲ್ಲು ಹೇರಿದೆ, ಬೆಕ್ಕು ಬೀಳುತ್ತದೆ ಎಂದು ನೆಪ ಹೇಳಿದೆ. ಮನೆಯ ಹಿಂದಿನ ತೆಂಗಿನ ತೋಪು ದಾಟಿದರೆ ಕಾಳಿ ಹೊಳೆ, ಅದನ್ನು ಮುಚ್ಚುವ ಹಲಗೆ ನನ್ನಲ್ಲಿ ಇರಲಿಲ್ಲ.

ಆಮೇಲೆ ನಾನು ಒಂದು ಜಾಣತನ ಮಾಡಿದೆ. ಬೀಸುವಾಗ ಒಂದು ಕಟ್ಟಳೆ ಇತ್ತು, ದುಃಖದ ಸೊಲ್ಲಿನ ಮೇಲೆ ಕಲ್ಲು ಬಿಟ್ಟು ಏಳಬಾರದು, ಎದುರಿನವಳು ಹಾಡನ್ನು ಒಳ್ಳೆಯದರ ಕಡೆಗೆ ತಿರುಗಿಸಬೇಕು. ಹಾಗಾದರೆ ತಿರುಗಿಸುತ್ತೇನೆ ಎಂದುಕೊಂಡೆ. ನನ್ನ ಮೊಬೈಲಿನಲ್ಲಿ ಬಂದ ಅಳುವ ಹಾಡಿಗೆಲ್ಲ ಹೆಬ್ಬೆರಳು ಕೆಳಗೆ ಮಾಡಿದೆ. ಈರುಳ್ಳಿ ಕೊಚ್ಚುತ್ತ ಕೆಳಗೆ, ಅಕ್ಕಿ ತೊಳೆಯುತ್ತ ಕೆಳಗೆ. ಮನಸ್ಸು ಹೇಗಿದೆ ಎಂದು ಅದು ಕೇಳಿದಾಗಲೆಲ್ಲ ಹಲ್ಲು ಕಿರಿಯುವ ಮುಖ ಒತ್ತಿದೆ. ದಿನಕ್ಕೆ ಇಪ್ಪತ್ತು ಸಲ ಒತ್ತಿದ್ದೇನೆ. ನಾನು ಇಲ್ಲಿ ಒತ್ತಿದರೆ ಅಲ್ಲಿ ಅವಳ ಮೊಬೈಲಿನಲ್ಲಿ ಹಾಡು ಬದಲಾಗುತ್ತದೆ ಎನ್ನುವಷ್ಟು ನನಗೆ ಅರ್ಥವಾಗಿತ್ತು.

ಆರು ದಿನಕ್ಕೆ ಅದು ಸೋತಿತು. ಕುಣಿತದ ಹಾಡು ಮರಳಿ ಬಂದವು. ‘ನಿಮ್ಮ ಮನಸ್ಸು ಹಗುರಾಗಿದೆ, ಅಭಿನಂದನೆ’ ಎಂದು ಅದೇ ಬರೆಯಿತು. ಸುಕ್ರಿ ಮತ್ತೆ ಸೊಂಟ ತಿರುಗಿಸಿದಳು. ನಾನು ಎಷ್ಟು ಉಬ್ಬಿದೆ ಎಂದರೆ ಅವತ್ತು ಮಕ್ಕಳಿಗೆ ಒಂದೊಂದು ಸೌಟು ಪಾಯಸ ಹೆಚ್ಚು ಬಡಿಸಿದೆ.

ಮನೆಯಲ್ಲಿ ಮಾತ್ರ ಭವ್ಯಾ ಇನ್ನೂ ಸುಮ್ಮನಾದಳು. ಕಿವಿಗೆ ಸಿಕ್ಕಿಸಿಕೊಳ್ಳುವ ವಯರನ್ನು ಸುತ್ತಿ ಕಪಾಟಿನಲ್ಲಿ ಇಟ್ಟಳು. ಒಮ್ಮೆ ಅವಳು ಮೊಬೈಲನ್ನು ಕೈಯಲ್ಲಿ ಹಿಡಿದು ಹಾವು ಕಂಡವಳ ಹಾಗೆ ನೋಡುತ್ತಿದ್ದಳು. ನಾನು ಒಳಗೆ ಬಂದಾಗ ಅದನ್ನು ಬೋರಲು ಹಾಕಿದಳು. ಹಾಡು ಬಿಟ್ಟರೆ ಒಳ್ಳೆಯದೇ ಆಯಿತು ಎಂದುಕೊಂಡ ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಒಂದು ಗುರುವಾರ, ಹನ್ನೊಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಮುಖ ಒತ್ತಲು ಮೊಬೈಲು ತೆಗೆದೆ. ಮುಖಗಳು ಇರಲಿಲ್ಲ. ಬಿಳೀ ಗಾಜಿನ ಮೇಲೆ ಒಂದೇ ಸಾಲು: ‘ಈ ಖಾತೆಯನ್ನು ಅಳಿಸಲಾಗಿದೆ. ಇಷ್ಟು ದಿನ ನಮ್ಮೊಂದಿಗೆ ಇದ್ದುದಕ್ಕೆ ವಂದನೆ.’

ನಾನು ಅಳಿಸಿರಲಿಲ್ಲ. ಅಂದರೆ ಅವಳು ಅಳಿಸಿದ್ದಾಳೆ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಇಟ್ಟಿದ್ದಾಳೆ.

ಫೋನು ಹಚ್ಚಿದೆ. ಅದು ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದೆ. ಅರಿಸಿನದ ಕೈಯಲ್ಲೇ ಓಡಿದೆ. ಸುಕ್ರಿ ಹಿಂದಿನಿಂದ ಏನೋ ಕೂಗಿದಳು. ಶಾಲೆಯಿಂದ ಮನೆಗೆ ನಡೆದರೆ ಹನ್ನೆರಡು ನಿಮಿಷ. ನನ್ನ ಮಂಡಿ ಅವತ್ತು ನನ್ನದಾಗಿರಲಿಲ್ಲ. ಬಸ್‌ಸ್ಟಾಪಿನಲ್ಲಿ ಯಾರೋ ಮಾತಾಡಿಸಿದರು, ಅವರಿಗೆ ಬೈದೆನೋ ಏನೋ. ‘ಬೇಡವೇ, ಬೇಡವೇ’ ಎಂದು ಬಾಯಿ ತಾನಾಗಿ ಹೇಳುತ್ತಿತ್ತು.

ಬಾಗಿಲು ತೆರೆದಿತ್ತು. ಮಗು ತೊಟ್ಟಿಲಲ್ಲಿ ಮಲಗಿತ್ತು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ, ಬಿಸಿ ಉಸಿರು ತಾಗಿತು. ಪಕ್ಕದಲ್ಲಿ ಹಾಲಿನ ಪುಡಿಯ ಹೊಸ ಡಬ್ಬಿ, ತೊಳೆದ ಮೂರು ಬಾಟಲಿ, ಅಂಗಿಗಳ ಮಡಚಿದ ಅಟ್ಟಿ. ಎಲ್ಲದರ ಮೇಲೆ ಅವಳ ಮೊಬೈಲು. ಎಲ್ಲವೂ ಅಚ್ಚುಕಟ್ಟು. ಭವ್ಯಾ ಕೋಣೆಯಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ, ಬಾವಿಯ ಕಲ್ಲು ಹೇರಿದ ಹಾಗೇ ಇದೆ. ಆಚೆಮನೆಯ ಗಾಯತ್ರಿ ನಮ್ಮ ಊರಿನ ಆಶಾ ಕಾರ್ಯಕರ್ತೆ. ಅವಳನ್ನು ಬೇಲಿಯಿಂದಲೇ ಕೂಗಿ ಮಗುವಿನ ಹತ್ತಿರ ಕೂರಿಸಿ ತೋಪಿನೊಳಗೆ ನುಗ್ಗಿದೆ.

ಹೊಳೆಯ ಅಂಚಿನಲ್ಲಿ, ಹಿಂದೆ ದೋಣಿ ಕಟ್ಟುತ್ತಿದ್ದ ಕಲ್ಲಿನ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಬೆನ್ನು ನನ್ನ ಕಡೆಗೆ. ಕಡಲಿನ ಉಬ್ಬರಕ್ಕೆ ಹೊಳೆಯ ನೀರು ಏರುವ ಹೊತ್ತು, ಕೊನೆಯ ಎರಡು ಮೆಟ್ಟಿಲು ಆಗಲೇ ಮುಳುಗಿದ್ದವು, ಅವಳ ಸೀರೆ ಮಂಡಿವರೆಗೆ ಒದ್ದೆ. ಜೀವ ಇದೆ ಎಂದು ಕಂಡ ಕೂಡಲೇ ನನಗೆ ಬಂದದ್ದು ಸಿಟ್ಟು. ಜುಟ್ಟು ಹಿಡಿದು ಎಳೆದು ತರಬೇಕು, ಕೆನ್ನೆಗೆ ಎರಡು ಕೊಡಬೇಕು ಎನಿಸಿತು. ಕೂಗಿದರೆ ಬೆಚ್ಚಿಬಿದ್ದಾಳು ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಮೆಲ್ಲಗೆ ಇಳಿದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಹೊಳೆಗೂ ಅವಳಿಗೂ ನಡುವೆ ಕೂತೆ. ನೀರು ನನ್ನ ಸೊಂಟಕ್ಕೆ ಬಂತು.

“ಶಾಲೆಗೆ ಹೋಗ್ಲಿಲ್ವಾ ಅತ್ತೆ?” ಎಂದಳು.

“ನಿನ್ನ ಹಾಡು ಕೆಡಿಸಿದ್ದು ನಾನು ತಂಗಿ” ಎಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ. “ಹಳೇ ಮೊಬೈಲಿನಲ್ಲಿ ಅದು ಇನ್ನೂ ಇತ್ತು. ನಗುಮುಖ ಒತ್ತಿದ್ದು ನಾನು. ಎಲ್ಲ ಕೆಳಗೆ ಮಾಡಿದ್ದು ನಾನು.”

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ನೀವಾ? ನಾ ಒತ್ತದೆ ದಿನಚರೀಲಿ ನಗುಮುಖ ಬರ್ತಿತ್ತು ಅತ್ತೆ. ದಿನಕ್ಕೆ ಇಪ್ಪತ್ತು. ನಾನೇ ಒತ್ತಿ ಮರೀತೆ ಅಂದ್ಕಂಡೆ. ನಂಗೆ ತಲೆ ಕೆಟ್ಟದೆ, ಮಗುಗೆ ನಾ ಏನಾದ್ರೂ ಮಾಡಿ ಅದ್ನೂ ಮರ್ತ್ರೆ ಅಂತ…” ಅವಳ ಹಲ್ಲು ಕಟಕಟ ಎನ್ನುತ್ತಿತ್ತು. “ಆ ಮೊಬೈಲೊಂದೇ ನಾ ಹೇಳಿದ್ದಕ್ಕೆ ಹೌದು ಹೇಳ್ತಿತ್ತು. ಆಮೇಲೆ ಅದೂ ಕುಣೀಲಿಕ್ಕೆ ಹಿಡೀತು.”

ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಒಂದೊಂದೇ ಬೆರಳು ಒತ್ತಿ ಅವಳನ್ನು ಈ ಮೆಟ್ಟಿಲಿಗೆ ತಂದು ಕೂರಿಸಿದವಳು ನಾನೇ. ಆಗ ಕಲ್ಲಿನ ಮೊದಲ ಕಟ್ಟಳೆ ನೆನಪಾಯಿತು. ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡು ಇದನ್ನು ಮರೆತಿದ್ದೆ. ತಿರುಗಿಸುವ ಮೊದಲು ಹಿಡಿಯಬೇಕು. ಎದುರಿನವಳು ಏನು ಹೇಳಿದಳೋ ಅದನ್ನೇ, ಒಂದು ಶಬ್ದ ಬದಲಿಸದೆ ತಿರುಗಿ ಹೇಳಬೇಕು. ಹೊಳೆಯ ದಾರಿ ಹತ್ತಿರವೇ ಎಂದು ನಾನು ಎತ್ತಿದ ದಿನ ನನ್ನ ಅತ್ತೆ ‘ಛೆ’ ಎನ್ನಲಿಲ್ಲ, ‘ಬಿಡ್ತು ಅನ್ನು’ ಎನ್ನಲಿಲ್ಲ. ‘ತೊಟ್ಟಿಲ ಬಿಚ್ಚಿ ಅಟ್ಟಕ್ಕೆ ಇಟ್ಟೆ, ಹೊಳೆಯ ದಾರಿ ಹತ್ತಿರವೇ’ ಎಂದು ನನ್ನ ಸೊಲ್ಲನ್ನೇ ಹಿಡಿದರು. ಹಿಡಿದ ಮೇಲೆ ‘ಹೊಳೆಯ ದಾರಿಲಿ ನಾನೂ ಬತ್ತೆ, ಹಿಟ್ಟು ಮುಗಿಯಲಿ ನಿಲ್ಲವ್ವೆ’ ಎಂದರು. ಹಿಟ್ಟು ಮುಗಿಯುತ್ತ ಬಂದಾಗಲೆಲ್ಲ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದರು. ಅವತ್ತು ಸಂಜೆಯ ತನಕ ಬೀಸಿದೆವು. ನಾನು ಗೂಟದ ಮೇಲೆಯೇ ತಲೆ ಇಟ್ಟು ನಿದ್ದೆಹೋದೆ.

ಮೊಬೈಲಿಗೆ ಸೊಲ್ಲು ಹಿಡಿಯಲು ಬರುತ್ತಿತ್ತು, ತಿರುಗಿಸಲು ಬರುತ್ತಿರಲಿಲ್ಲ. ನನಗೆ ತಿರುಗಿಸುವ ಆತುರ.

“ಹೇಳೆ ತಂಗಿ” ಎಂದೆ. “ಎಂತದೇ ಆಗ್ಲಿ, ಹೇಳು.”

ಅವಳು ನೀರಿನ ಕಡೆ ತಿರುಗಿ ಹೇಳಿದಳು, “ಮಗು ಕಂಡ್ರೆ ನಂಗೆ ಎಂತದೂ ಆಗೂದಿಲ್ಲ.”

ಆ ಮಾತು ನನ್ನ ಬಾಯಿಗೆ ಬರಲು ಒಪ್ಪಲಿಲ್ಲ. ಹೆತ್ತ ತಾಯಿ ಹಾಗೆ ಹೇಳುತ್ತಾರೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

“ಮಗು ಕಂಡ್ರೆ ನಂಗೆ ಎಂತದೂ ಆಗೂದಿಲ್ಲ” ಎಂದು ಹಿಡಿದೆ.

ಅವಳು ನನ್ನನ್ನೇ ನೋಡಿದಳು. “ನಾ ಇಲ್ಲದಿದ್ರೆ ಅದ್ಕೆ ಚಲೋ.”

“ನಾ ಇಲ್ಲದಿದ್ರೆ ಅದ್ಕೆ ಚಲೋ.” ಅದನ್ನೂ ಹಿಡಿದೆ.

“ದಿನಾ ಹನ್ನೊಂದು ಗಂಟೆಗೆ ಈ ನೀರು ಕರೀತದೆ.”

“ದಿನಾ ಹನ್ನೊಂದು ಗಂಟೆಗೆ ಈ ನೀರು ಕರೀತದೆ” ಎಂದೆ. ನನಗೆ ಎಷ್ಟು ಹೆದರಿಕೆಯಾಯಿತು ಎಂದರೆ, ಆ ಕ್ಷಣ ನೀರು ನಿಜವಾಗಿಯೂ ನನ್ನನ್ನೇ ಕರೆದಂತೆ ಕೇಳಿಸಿತು. ಮೂವತ್ತೆರಡು ವರ್ಷದ ಹಿಂದೆ ಕರೆದ ದನಿಯೇ. ಅವಳ ಮಣಿಕಟ್ಟನ್ನು ಗೂಟ ಹಿಡಿದ ಹಾಗೆ ಎರಡೂ ಕೈಯಿಂದ ಹಿಡಿದೆ. “ಕರೀತದೆ. ನಾನೂ ಕೂತ್ಕಂತೆ. ಇನ್ನೂ ಹೇಳೂದು ಮುಗೀಲಿಲ್ಲ ಅಲ್ಲವೇನೆ? ಮುಗೀಲಿ, ತಡಿ.”

ಅವಳು ಹೇಳಿದಳು. ನಾನು ಹಿಡಿದೆ. ನೀರು ಇನ್ನೊಂದು ಮೆಟ್ಟಿಲು ಏರಿತು. ಅವಳು ನಿಂತಾಗಲೆಲ್ಲ ‘ಮತ್ತೆ?’ ಎಂದೆ, ಅಕ್ಕಿ ಹಾಕಿದ ಹಾಗೆ. ಯಾವಾಗಲೋ ಅವಳಿಗೆ ಅಳು ಬಂತು. ಆ ನಾಲ್ಕು ತಿಂಗಳಲ್ಲಿ ನಾನು ಕಂಡ ಮೊದಲ ಅಳು. ಮನೆಯ ಕಡೆಯಿಂದ ಮಗುವಿನ ದನಿ ಕೇಳಿತು. ನಾನು ಏಳಲಿಲ್ಲ, ಅವಳಿಗೂ ಏಳು ಎನ್ನಲಿಲ್ಲ. ಮಗು ಎರಡು ಸಲ, ಮೂರು ಸಲ ಕೂಗಿತು.

“ಕಾಲು ಮರಗಟ್ಟಿ ಹೋಗ್ಯದೆ” ಎಂದಳು ಭವ್ಯಾ. “ಎಬ್ಸಿ ಅತ್ತೆ.”

ಎಬ್ಬಿಸಲು ಹೋದರೆ ನನ್ನ ಮಂಡಿಯೇ ಏಳಲಿಲ್ಲ. ಕೊನೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು.

ಗಾಯತ್ರಿ ನಮ್ಮ ಒದ್ದೆ ಸೀರೆ ನೋಡಿದಳು. ಹೆರಿಗೆಯ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದು ಕಾಯಿಲೆ, ಇದಕ್ಕೆ ಡಾಕ್ಟರು ಇದ್ದಾರೆ ಎಂದಷ್ಟೇ ಹೇಳಿ ಅವತ್ತೇ ಮಧ್ಯಾಹ್ನ ರಿಕ್ಷಾ ತರಿಸಿದಳು. ಪ್ರದೀಪ ಕೆಲಸ ಬಿಟ್ಟು ಓಡಿ ಬಂದ. ಕಾರವಾರದ ಡಾಕ್ಟರಮ್ಮ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಲು ಹೇಳಿದರು, ಒಬ್ಬಳನ್ನೇ ಬಿಡಬೇಡಿ ಎಂದರು. ಪ್ರದೀಪ ಈಗ ದಿನಾ ಮಲ್ಲಾಪುರದಿಂದ ಬಂದು ಹೋಗುತ್ತಾನೆ. ನಾನು ಶಾಲೆಯಲ್ಲಿರುವ ಹೊತ್ತು ಗಾಯತ್ರಿಯ ತಾಯಿ ನಮ್ಮ ಮನೆಯಲ್ಲಿ ಬಂದು ಕೂರುತ್ತಾರೆ. ಭವ್ಯಾ ಈಗ ಮಗುವನ್ನು ಒಮ್ಮೊಮ್ಮೆ ಸುಮ್ಮನೆ ನೋಡುತ್ತ ಕೂರುತ್ತಾಳೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ, ಕೇಳುವ ಆತುರವನ್ನೂ ಬಿಟ್ಟಿದ್ದೇನೆ.

ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಹತ್ತೂವರೆ ದಾಟಿದರೆ ಗಡಿಯಾರವನ್ನೇ ನೋಡುತ್ತಿರುತ್ತೇನೆ. ಹನ್ನೊಂದಕ್ಕೆ ಸೌಟು ಸುಕ್ರಿಯ ಕೈಗೆ ಕೊಟ್ಟು ಮನೆಗೆ ಫೋನು ಮಾಡುತ್ತೇನೆ. ಭವ್ಯಾ ಅವತ್ತಿನದು ಒಂದು ಸಾಲು ಹೇಳುತ್ತಾಳೆ, ನಾನು ಹಿಡಿಯುತ್ತೇನೆ. ‘ಇವತ್ತು ಎದ್ದೇಳೂಕೆ ಆಗ್ಲಿಲ್ಲ’ ಎಂದರೆ ‘ಇವತ್ತು ಎದ್ದೇಳೂಕೆ ಆಗ್ಲಿಲ್ಲ’ ಎನ್ನುತ್ತೇನೆ. ಗಂಗೆಗೆ ಮರುಳು ಹಿಡಿದಿದೆ ಎಂದು ಶಾಲೆಯ ಮಕ್ಕಳು ನಗುತ್ತವೆ, ನಗಲಿ.

ನಿನ್ನೆ ಅವಳು ತನ್ನ ಸಾಲು ಹೇಳಲಿಲ್ಲ. “ನೀವು ಹೇಗಿದ್ದೀರಿ ಅತ್ತೆ?” ಎಂದು ಕೇಳಿದಳು.

“ಅಡ್ಡಿಲ್ಲ” ಎಂದೆ.

ಆ ಕಡೆಯಿಂದ ಮಗು ಏನೋ ಗುನುಗುವುದು ಕೇಳಿಸುತ್ತಿತ್ತು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

“ಹೆದರಿಕೆ ಅದೆ ತಂಗಿ” ಎಂದೆ. “ಹನ್ನೊಂದು ಗಂಟೆ ಆಗ್ತದೆ ಅಂದ್ರೆ ಹೆದರಿಕೆ. ನಾ ಫೋನ್ ಮಾಡ್ದಾಗ ನೀ ಎತ್ತದಿದ್ರೆ ಅಂತ ಹೆದರಿಕೆ.”

“ಹೆದರಿಕೆ ಅದೆ” ಎಂದಳು ಭವ್ಯಾ, ಒಂದು ಶಬ್ದ ಬದಲಿಸದೆ. “ಹನ್ನೊಂದು ಗಂಟೆ ಆಗ್ತದೆ ಅಂದ್ರೆ ಹೆದರಿಕೆ. ನಾ ಫೋನ್ ಮಾಡ್ದಾಗ ನೀ ಎತ್ತದಿದ್ರೆ ಅಂತ ಹೆದರಿಕೆ.”

ಆಮೇಲೆ ಅವಳು “ಮತ್ತೆ?” ಎಂದಳು.